ಊರೆಲ್ಲ ಕುಂಟುವಾಗ ಹೆಣ್ಣು ನೋಡಿದ್ದು

ಕೊಟ್ಟೂರು
೧೯ ಜುಲೈ ೨೦೦೬

ತಮ್ಮ ಮನೆಯಲ್ಲಿ ಇನ್ನೂ ನೆಟ್ಟಗೆ ನಿಲ್ಲಬಲ್ಲ ಏಕೈಕ ವ್ಯಕ್ತಿಯಾದ ಯಶೋಧಾ ಅವರಿಗೆ ನಮಸ್ಕಾರ.

ಸನ್ನಿಧಾನದಲ್ಲಿ ಒಂದು ಅಪರಾಧ ಒಪ್ಪಿಸಿಕೊಳ್ಳುತ್ತಿದ್ದೇನೆ. ಭಾನುವಾರ ಹಡಗಲಿಯ ನಿಮ್ಮ ಮನೆಗೆ ಹೆಣ್ಣು ನೋಡಲು ಬಂದವನು, ನನ್ನದಲ್ಲದ ಕಾಯಿಲೆಯೊಂದನ್ನು ಕದ್ದೆ.

ನಿಮ್ಮ ತಂದೆ ಗೋಡೆ ಹಿಡಿದು ಬಂದು, "ನಿಮಗೂ ಹಿಡದೈತೇನ್ರಿ ಈ ಚಿಕೂನ್ ಗುನ್ಯಾ? ಎಷ್ಟ್ ದಿನ ಆತು?" ಎಂದರು. ನಾನು ಮಂಡಿ ತಿಕ್ಕಿಕೊಳ್ಳುತ್ತ, "ಭಾಳ ದಿನ ಆತ್ರಿ" ಎಂದೆ. ಪೂರ್ತಿ ಸುಳ್ಳಲ್ಲ. ನನ್ನ ಎಡಗಾಲಿಗೆ ಪೋಲಿಯೊ ಹೊಡೆದದ್ದು ಎರಡು ವರ್ಷದವನಿದ್ದಾಗ.

ಆಸೆಯಾಯಿತು, ಏನು ಮಾಡಲಿ? ಈ ಕೀಲುಜ್ವರ ಬಂದಾಗಿನಿಂದ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನನ್ನ ನಡಿಗೆಯನ್ನು ತಿರುಗಿ ನೋಡುವುದಿಲ್ಲ. ತಿರುಗಲು ಅವರ ಕತ್ತೇ ಬಾರದು. ಸದಾ ನನ್ನನ್ನು ಹಿಂದೆ ಬಿಟ್ಟು ಹೋಗುತ್ತಿದ್ದ ನಮ್ಮ ಕಾಲೇಜಿನ ಪ್ರಿನ್ಸಿಪಾಲರು, "ನಿಲ್ರಿ ಗಂಗಾಧರ, ನಾನೂ ಬಂದೆ" ಎಂದು ಹಿಂದಿನಿಂದ ಕೂಗುತ್ತಾರೆ. ಊರಿಗೆ ಊರೇ ನನ್ನ ಜೊತೆ ಹೆಜ್ಜೆ ಹಾಕಿದರೆ ಹೇಗಿರುತ್ತದೆಂದು ಈಗ ತಿಳಿಯಿತು. ಆದರೆ ಒಬ್ಬೊಬ್ಬರಾಗಿ ನೆಟ್ಟಗಾಗುತ್ತಿದ್ದಾರೆ. ಸಂತೋಷಪಡಬೇಕು, ಆಗುತ್ತಿಲ್ಲ.

ನಟನೆ ಮಾತ್ರ ಅಮೋಘವಾಗಿತ್ತೆಂದು ಹೆಮ್ಮೆಯಿಂದ ಹೇಳುತ್ತೇನೆ. ಏಳುವಾಗ "ಯಪ್ಪಾ" ಎಂದೆನಲ್ಲ, ಒಬ್ಬರಿಗೂ ಅನುಮಾನ ಬರಲಿಲ್ಲ. ನಿಮ್ಮ ಅಜ್ಜಿ ಜೋಗಮ್ಮನವರಂತೂ, "ಕೋಳಿ ತಿನ್ನಾದು ಬಿಡಪ್ಪ, ಎಲ್ಲಾ ಹೋಗ್ತೈತಿ" ಎಂದು ಧೈರ್ಯ ಹೇಳಿದರು.

ನನ್ನದು ಹೋಗುವುದಿಲ್ಲ, ಯಶೋಧಾ. ನಿಮ್ಮೂರಿನ ಹೂ ಕಟ್ಟುವವರ ಬೆರಳು ಮತ್ತೆ ಮಡಚುತ್ತವೆ. ಅಂದು ಬರಿದಾಗಿದ್ದ ನಿಮ್ಮ ಮುಡಿಗೆ ಮಲ್ಲಿಗೆ ಬರುತ್ತದೆ. ನಿಮ್ಮ ತಂದೆ ಗೋಡೆ ಬಿಡುತ್ತಾರೆ. ನಾನು ಮಾತ್ರ ಹೀಗೆಯೇ ಬರುತ್ತೇನೆ. ಇದನ್ನು ತಿಳಿದು ಹೂಂ ಅನ್ನಿ, ಇಲ್ಲವೇ ಬೇಡವೆನ್ನಿ.

ಒಂದು ಕುತೂಹಲ ಮಾತ್ರ ನಿದ್ದೆಗೆಡಿಸಿದೆ. ಚಹಾ ಕೊಡುವಾಗ "ಮಾತ್ರಿ ತಗೊಂಡ್ರೇನ್ರಿ?" ಎಂದು ಕೇಳಿದ ನೀವು, ಉತ್ತರಕ್ಕೂ ಕಾಯದೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೋಡಿದಿರಿ. ಯಾಕೆ?

ತೀರ್ಪಿಗೆ ಕಾದಿರುವ
ಗಂಗಾಧರ

ಹಿಂಬರಹ: ಲಕೋಟೆ ಅಂಟಿಸುವಷ್ಟರಲ್ಲಿ ಈ ಸಂಬಂಧ ತಂದ ನಮ್ಮ ಅಂಜಿನಕ್ಕ ಬಂದಳು. ಕಾಲಿನ ಸಂಗತಿಯನ್ನು ಮೊದಲ ದಿನವೇ ನಿಮ್ಮ ಮನೆಯವರಿಗೆಲ್ಲ ಹೇಳಿದ್ದಳಂತೆ. ನನಗೆ ಮುಜುಗರವಾಗದಿರಲೆಂದು ನಿಮ್ಮ ತಂದೆ ಹಾಗೆ ಕೇಳಿದರಂತೆ. "ನಿನ್ನ ನಾಟಕಕ್ಕಿಷ್ಟು ಬೆಂಕಿ ಹಚ್ಚ! ಕುಂಟಾದು ಎಡಗಾಲು, ತಿಕ್ಕೊಳ್ಳಾದು ಬಲಗಾಲು! ಯಾವ ಕಾಲು ತಿಕ್ಕಬೇಕಂತ ಮದುವ್ಯಾದ ಮ್ಯಾಲೆ ನಾನೇ ಕಲಸ್ತೀನಿ ಅಂದಾಳ ಹುಡುಗಿ" ಎಂದಳು.

ನೆನಪಿಸಿಕೊಂಡು ನೋಡಿದೆ. ಹೌದು, ಬಲಗಾಲೇ.