ದ್ರಾಕ್ಷಿಯ ತಲೆಯೊಳಗಿನಿಂದ

ಗುರುವಾರ, ಊಟದ ಬಿಡುವು

ಅಕ್ಕಾ,

ನಿನ್ನ ಪತ್ರ ಎಂದಿನಂತೆ ಗೆಳತಿಯ ವಿಳಾಸ ಸುತ್ತಿಕೊಂಡು ಕೈಸೇರಿತು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಓದಿದೆ. ಮೊದಲ ಸಲ ಓದಿದಾಗ ನಗು ಬಂತು. ಮತ್ತೊಮ್ಮೆ ಓದುವಾಗ ನಡುವೆಯೇ ಎದ್ದುಹೋಗಿ, ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು ಬಂದೆ.

ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನೀವೆಲ್ಲ ಥೀಮ್ ಪಾರ್ಕಿನ ಆಹಾರ ಮತ್ತು ವೈನ್ ಮೇಳಕ್ಕೆ ಹೊರಟಿದ್ದೀರಿ. ನೀನು, ಭಾವ, ನನ್ನ ಮಗಳು. ಮತ್ತೆ ಅವನು, ಅವಳ ಅಪ್ಪ. ಕಾರು ಓಡಿಸುವವನು ಅವನೇ, ಟಿಕೆಟ್ ತೆಗೆಸಿದವನೂ ಅವನೇ. ಇಷ್ಟೊಂದು ಪಾರ್ಕುಗಳಿರುವಾಗ ಇದನ್ನೇ ಆರಿಸಿದವನೂ ಅವನೇ ಎಂದು ಬರೆದಿದ್ದೀಯ. ‘ನೀನಾದ್ರೆ ಅಡುಗೆಮನೇಲಿ ಕೆಲಸ ಮಾಡೋಳು, ಅಲ್ಲಿ ಮೊದಲು ಏನು ತಿನ್ನಬೇಕು, ಯಾವ ವೈನು ಹುಳಿ ಇರಲ್ಲ, ಬರೆದು ಕಳಿಸೇ’ ಎಂದು ಕೇಳಿದ್ದೀಯ. ಯಾರನ್ನು ಕೇಳುತ್ತಿದ್ದೇನೆ ಎಂದು ನಿನಗೆ ಗೊತ್ತಿರಲಿಲ್ಲ. ತಪ್ಪು ನಿನ್ನದಲ್ಲ.

ನಿನಗೆ ಇಷ್ಟು ದಿನ ಬರೆದದ್ದು ಸುಳ್ಳು, ನಾನು ಯಾವ ಹಾಸ್ಟೆಲಿನ ಅಡುಗೆಮನೆಯಲ್ಲೂ ಇಲ್ಲ. ನಾನಿರುವುದು ಆ ಪಾರ್ಕಿನಲ್ಲೇ. ಮೇಳದ ಪೋಸ್ಟರಿನಲ್ಲಿ ದೊಡ್ಡ ನೇರಳೆ ದ್ರಾಕ್ಷಿಗೊಂಚಲೊಂದು ಕೈಬೀಸುತ್ತ ನಿಂತಿದೆಯಲ್ಲ, ಅದರ ಒಳಗೆ.

ಇದನ್ನು ನೀನು ನಿನ್ನ ಕ್ಲಿನಿಕ್ಕಿನಲ್ಲಿ ಓದುತ್ತಿರುತ್ತೀಯ. ಹಲ್ಲು ಕೀಳಿಸಿಕೊಳ್ಳಲು ಬಂದವರ ಎದುರು ನಿನ್ನ ಮುಖ ಬಿಳಿಚಿಕೊಂಡರೆ ಯಾರೂ ಯಾಕೆಂದು ಕೇಳುವುದಿಲ್ಲ. ಓದಿ ಹರಿದುಬಿಡು.

ಕೆಲಸ ಕೆಟ್ಟದ್ದಲ್ಲ. ತಲೆ ಭಾರ, ಸೆಕೆ ವಿಪರೀತ, ಒಳಗೆ ಹಿಂದೆ ಹಾಕಿಕೊಂಡವರ ಬೆವರಿನ ವಾಸನೆ. ಹೊರಗೆ ನೋಡಲು ಇರುವುದು ದ್ರಾಕ್ಷಿಯ ನಗುವ ಬಾಯಿ ಮಾತ್ರ. ಅದಕ್ಕೆ ಕಪ್ಪು ಜಾಲರಿ ಹಚ್ಚಿದ್ದಾರೆ, ಅದೂ ಕೆಳಗೆ ವಾಲಿಕೊಂಡಿದೆ. ಹಾಗಾಗಿ ದೊಡ್ಡವರ ಮುಖ ನನಗೆ ಕಾಣುವುದೇ ಇಲ್ಲ. ಮಕ್ಕಳ ಮುಖ ಕಾಣುತ್ತದೆ, ದೊಡ್ಡವರ ಹೊಟ್ಟೆ ಮತ್ತು ಬೂಟು ಕಾಣುತ್ತವೆ. ವೇಷದೊಳಗಿರುವವರು ಮಾತಾಡುವಂತಿಲ್ಲ. ಯಾರಾದರೂ ಗುದ್ದಿದರೂ ‘ಅಯ್ಯೋ’ ಎನ್ನುವಂತಿಲ್ಲ. ನನ್ನ ಪರವಾಗಿ ಮಾತಾಡುವುದು ನನ್ನ ಕೈಹಿಡಿದು ನಡೆಸುವ ಹೆಂಗಸು, ಎಲ್ಲರೂ ಅವಳನ್ನು ಗಿಣಿಯಮ್ಮ ಎನ್ನುತ್ತಾರೆ. ‘ಏ ದ್ರಾಕ್ಷಿ, ಬಗ್ಗು, ಒಂದು ಚಿಕ್ಕದು ಬರ್ತಿದೆ, ಮೂಗಿನ ತುಂಬ ಐಸ್‌ಕ್ರೀಂ’ ಎಂದು ಪಿಸುಗುಡುತ್ತಾಳೆ. ವೈನು ರುಚಿ ನೋಡಿ ನೋಡಿ ಕಣ್ಣು ಕೆಂಪಾದ ಗಂಡಸರು ಸೊಂಟಕ್ಕೆ ಕೈಹಾಕಿದರೆ, ‘ಸ್ವಾಮೀ, ಕೈ ತೆಗೀರಿ, ಅದು ಇನ್ನೂ ಹಣ್ಣು, ವೈನ್ ಆಗಿಲ್ಲ’ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ. ಒಳಗೆ ನಾನು ಆ ಬೂಟುಗಳನ್ನು ನೋಡುತ್ತಿರುತ್ತೇನೆ.

ಬಂದ ಹೊಸದರಲ್ಲಿ ಎಲ್ಲ ಬೂಟುಗಳೂ ಅವನವೇ ಆಗಿದ್ದವು. ಹೊಳಪು ಹಾಕಿದ್ದು, ಲೇಸಿನ ಎರಡು ತುದಿ ಒಂದೇ ಉದ್ದ ಬರುವಂತೆ ಕಟ್ಟಿದ್ದು ಕಂಡರೆ ಸಾಕು, ಬೀಸುತ್ತಿದ್ದ ಕೈ ಇಳಿಸಿ ಬೇರೆ ಕಡೆಗೆ ತಿರುಗಿಬಿಡುತ್ತಿದ್ದೆ. ಬರಬರುತ್ತ ಕಡಿಮೆಯಾಯಿತು. ಈ ತಲೆಯನ್ನು ಹೊತ್ತುಕೊಂಡ ಮೇಲೆ ನಾನು ಯಾರೂ ಅಲ್ಲ, ಯಾರೂ ಅಲ್ಲದವಳನ್ನು ಯಾರು ಹುಡುಕುತ್ತಾರೆ ಎಂದು ಒಂದು ಬಗೆಯ ನೆಮ್ಮದಿ. ಕೆಲಸ ಮುಗಿದು ತಲೆ ತೆಗೆದಿಟ್ಟಾಗಲೇ ಹೆದರಿಕೆ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ನನ್ನ ಮುಖವನ್ನು ನಾನೇ ಎಲ್ಲೋ ಬಿಟ್ಟುಹೋಗುತ್ತಿದ್ದೇನೆ ಎನ್ನಿಸುತ್ತದೆ.

ನೀನು ಬರೆದಿದ್ದೀಯ, ‘ನಿನ್ನವರು ತುಂಬ ಮೆತ್ತಗಾಗಿದಾರೆ ಕಣೇ, ಮೊನ್ನೆ ಮಗುವಿನ ಬೂಟಿಗೆ ತಾವೇ ಕೂತು ಪಾಲಿಶ್ ಹಾಕಿಕೊಟ್ರು’ ಎಂದು. ಅವನು ಯಾವಾಗಲೂ ಮೆತ್ತಗೇ ಇದ್ದ, ಅಕ್ಕ. ನಮ್ಮ ಬಚ್ಚಲುಮನೆಯ ಚಿಲಕ ಆಗಾಗ ಕಿತ್ತುಬರುತ್ತಿದ್ದದ್ದು ನಿನಗೆ ಗೊತ್ತಿಲ್ಲ. ಸರಿಮಾಡಲು ಪದೇಪದೇ ಬರುತ್ತಿದ್ದ ಬಡಗಿ ಒಂದು ದಿನ, ‘ಏನಮ್ಮಾ, ಈ ಬಾಗಿಲಿಗೂ ಚಿಲಕಕ್ಕೂ ಆಗಿಬರಲ್ಲ ಅನ್ಸುತ್ತೆ’ ಎಂದು ನಕ್ಕ. ಅವನೂ ಜೊತೆಗೆ ನಕ್ಕು, ಬಡಗಿಗೆ ಕಾಫಿ ಮಾಡಿಕೊಡು ಎಂದು ನನಗೆ ಹೇಳಿದ. ನಾನು ಲೋಟ ಕೊಡುವಾಗ ಬಡಗಿ ನನ್ನ ಮುಖ ನೋಡಲಿಲ್ಲ. ಬಾಗಿಲು ಹೊರಗಿನಿಂದ ಒದ್ದಾಗ ಮೊಳೆ ಯಾವ ಕಡೆಗೆ ಬಾಗುತ್ತದೆ ಎಂದು ಬಡಗಿಗೆ ಗೊತ್ತಿರುತ್ತದೆ.

ಮಗಳ ಮೇಲೆ ಅವನು ಎಂದೂ ಕೈಯೆತ್ತಲಿಲ್ಲ. ರಜೆಗೆಂದು ಅವಳನ್ನು ನಿನ್ನ ಮನೆಗೆ ಕಳಿಸಿ, ಅವಳು ಅಲ್ಲಿ ಇದ್ದಾಗಲೇ ನಾನು ಹೊರಟುಬಿಡಲು ಅದೊಂದೇ ಧೈರ್ಯ. ನಿನ್ನ ಮನೆಯಲ್ಲೇ ಅವಳು ಬೆಳೆಯುತ್ತಿದ್ದಾಳೆ, ಅವನು ಭಾನುವಾರ ಬಂದು ಪಾಠ ಹೇಳಿಕೊಟ್ಟು ಹೋಗುತ್ತಾನೆ. ಇದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ ಎಂದುಕೊಂಡಿದ್ದೆ.

ನಿನ್ನ ಪತ್ರದಲ್ಲಿ ನೀನು ಹೆಚ್ಚು ಯೋಚಿಸದೆ ಬರೆದ ಸಾಲೊಂದಿದೆ: ‘ಸಾಸಿವೆ ಆ ಮೇಳದ ಪೋಸ್ಟರನ್ನ ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿಕೊಂಡಿದಾಳೆ, ಅದನ್ನೇ ನೋಡ್ತಾ ಮಲಗ್ತಾಳೆ.’ ಮಗಳಿಗೆ ನಾನಿಟ್ಟ ಸಾಸಿವೆ ಎಂಬ ಮುದ್ದಿನ ಹೆಸರು ಇನ್ನೂ ಉಳಿದಿದೆಯಲ್ಲ ಎಂದು ಕ್ಷಣಕಾಲ ಖುಷಿಯಾಯಿತು. ಆಮೇಲೆ ಉಳಿದದ್ದು ತಲೆಗೆ ಹೊಕ್ಕಿತು.

ಮಕ್ಕಳು ಪುಸ್ತಕ ಚಾಚಿದರೆ ನಾವು ಸಹಿ ಹಾಕಿಕೊಡಬೇಕು. ವೇಷದೊಳಗೆ ಯಾರೇ ಇರಲಿ, ಸಹಿ ಒಂದೇ ಆಗಿರಬೇಕು ಎಂದು ಸೇರಿದಾಗ ತಿದ್ದಿ ತಿದ್ದಿ ಕಲಿಸುತ್ತಾರೆ. ದ್ರಾಕ್ಷಿಯ ಸಹಿ ಒಂದು ಗೊಂಚಲು, ಮೇಲೊಂದು ಎಲೆ. ಹೋದ ವರ್ಷ ಒಂದು ಮಗು ಅಳುತ್ತಿತ್ತು. ಎಲೆ ಬರೆಯುತ್ತಿದ್ದ ನನ್ನ ಕೈ ತಾನಾಗಿಯೇ ಎಲೆಯ ಅಂಚಿಗೊಂದು ತೂತು ಮಾಡಿ, ಅದರಿಂದ ಟೋಪಿ ಹಾಕಿಕೊಂಡ ಹುಳವೊಂದು ಇಣುಕುವ ಹಾಗೆ ಬರೆಯಿತು. ಮಗು ಅಳು ನಿಲ್ಲಿಸಿತು. ಅಲ್ಲಿದ್ದ ಫೋಟೋಗ್ರಾಫರ್ ಅದರ ಫೋಟೋ ತೆಗೆದ. ನನ್ನನ್ನು ಬೈಯುವ ಬದಲು ಮೇಲಿನವರು ಮೆಚ್ಚಿಕೊಂಡರು, ಈ ವರ್ಷದ ಪೋಸ್ಟರಿನ ಮೂಲೆಗೆ ಅದನ್ನೇ ಹಾಕಿಬಿಟ್ಟರು.

ಟೋಪಿ ಹಾಕಿದ ಆ ಹುಳವನ್ನು ನಾನು ಸಾಸಿವೆಯ ಊಟದ ಡಬ್ಬಿಯೊಳಗಿಡುವ ಚೀಟಿಯಲ್ಲಿ ದಿನಾ ಬರೆಯುತ್ತಿದ್ದೆ. ಅದನ್ನು ನೋಡಿದವರು ಮೂವರೇ. ನಾನು, ಅವಳು, ಮತ್ತು ‘ಹುಳ ಬರೆದುಕೊಟ್ರೆ ಯಾರಿಗೆ ಊಟ ಸೇರುತ್ತೆ?’ ಎಂದು ಕೇಳುತ್ತಿದ್ದ ಅವನು.

ಅವಳು ಗುರುತಿಸಿದ್ದಾಳೆ. ಅದರಲ್ಲಿ ನನಗೆ ಅನುಮಾನವಿಲ್ಲ. ಯಾರಿಗೂ ಹೇಳದೆ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಅವಳ ಗುಟ್ಟು ಅದು, ಅಷ್ಟು ಚಿಕ್ಕವಳು ಅಷ್ಟು ದೊಡ್ಡ ಗುಟ್ಟನ್ನು ಹೊತ್ತು ಹೇಗೆ ಮಲಗುತ್ತಾಳೋ. ಆದರೆ ಪಾಠ ಹೇಳಿಕೊಡುವವನು ಕೂರುವುದು ಅದೇ ಹಾಸಿಗೆಯ ಮೇಲೆ, ಎದುರಿಗೆ ಅದೇ ಗೋಡೆ. ಮಗಳು ಬೇಡಿದ್ದಕ್ಕೆ ಪಾರ್ಕಿಗೆ ಒಪ್ಪಿದನೋ, ಅಥವಾ ಒಂದು ಭಾನುವಾರ ಲೆಕ್ಕ ಬಿಡಿಸುತ್ತಿದ್ದವನು ತಲೆಯೆತ್ತಿ, ಪೋಸ್ಟರಿನ ಮೂಲೆ ನೋಡಿ, ಏನೂ ಹೇಳದೆ ಮತ್ತೆ ಲೆಕ್ಕಕ್ಕೆ ತಲೆ ತಗ್ಗಿಸಿದನೋ? ಬೆಳಿಗ್ಗೆಯಿಂದ ಈ ಎರಡನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಒಮ್ಮೆ ಇದು ನಿಜ ಎನ್ನಿಸುತ್ತದೆ, ಒಮ್ಮೆ ಅದು.

ಬರಬೇಡಿ ಎಂದು ಬರೆಯಲು ಕೂತೆ. ಬರೆದು ಹರಿದೆ. ಹೊರಟ ಪ್ರಯಾಣ ನಿಂತರೆ ಅವನು ಯಾಕೆಂದು ಕೇಳುತ್ತಾನೆ, ಮೆತ್ತಗೇ ಕೇಳುತ್ತಾನೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಅವಳ ಮುಖ ಜಾಲರಿಯೊಳಗಿಂದ ಕಾಣುವಷ್ಟೇ ಎತ್ತರದಲ್ಲಿ ಇರುತ್ತದೆ. ಇನ್ನೆರಡು ವರ್ಷ ಹೋದರೆ ಇರುವುದಿಲ್ಲ.

ಆದ್ದರಿಂದ ಹೀಗೆ ಮಾಡು. ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಇರಿ, ದೊಡ್ಡ ಬಾಗಿಲಿನಿಂದ ಬನ್ನಿ. ಚೀಸಿನ ಅಂಗಡಿಗಳ ಮುಂದೆ ನೂಕುನುಗ್ಗಲು ಇರುತ್ತದೆ, ಅಲ್ಲಿ ನಿಲ್ಲಬೇಡಿ, ಬೇಕರಿಯವರ ಬಿಸಿ ಬ್ರೆಡ್ಡು ಚೆನ್ನಾಗಿರುತ್ತದೆ. ವೈನ್ ರುಚಿ ನೋಡುವ ಸಭಾಂಗಣ ಕೆರೆಯ ಆಚೆ ಇದೆ, ಮಕ್ಕಳನ್ನು ಬಿಡುವುದಿಲ್ಲ. ಪುಕ್ಕಟೆ ಲೋಟ ಎಂದರೆ ಭಾವ ತಾವಾಗಿಯೇ ಹೊರಡುತ್ತಾರೆ, ಅವನನ್ನೂ ಎಳೆದುಕೊಂಡು ಹೋಗುವಂತೆ ಮಾಡು. ಹುಳಿ ಇಲ್ಲದ್ದು ಬೇಕಾದರೆ ಕೊನೆಯ ಮೇಜಿನಲ್ಲಿ ಕೇಳಲಿ, ಅಲ್ಲಿಯ ಸಾಲು ಎಲ್ಲಕ್ಕಿಂತ ನಿಧಾನ. ಅಷ್ಟರಲ್ಲಿ ನೀನು ಸಾಸಿವೆಯನ್ನು ತಿರುಗುವ ಕುದುರೆಗಳ ಹತ್ತಿರ ಕರೆದುಕೊಂಡು ಬಾ. ನಾನು ಅಲ್ಲಿರುತ್ತೇನೆ. ಅವಳಿಗೆ ಏನೂ ಹೇಳಬೇಡ. ನನ್ನನ್ನು ನೋಡಿ ಕಣ್ಣು ತುಂಬಿಕೊಳ್ಳಬೇಡ, ದ್ರಾಕ್ಷಿ ನೋಡಿ ಅಳುವ ಹೆಂಗಸನ್ನು ಯಾರೂ ಮರೆಯುವುದಿಲ್ಲ. ಅವನೂ ಜೊತೆಗೆ ಬಂದುಬಿಟ್ಟರೆ ನಿನ್ನ ಕೊಡೆ ಬಿಚ್ಚಿಕೋ, ಕೊಡೆ ಕಂಡರೆ ನನ್ನನ್ನು ಬೇರೆ ಕಡೆಗೆ ತಿರುಗಿಸು ಎಂದು ಗಿಣಿಯಮ್ಮನಿಗೆ ಕಾರಣ ಹೇಳದೆಯೇ ಹೇಳಿಟ್ಟಿರುತ್ತೇನೆ.

ನಾನು ಹೆದರಿಲ್ಲ. ತಲೆ ಹಾಕಿಕೊಂಡಿರುವಷ್ಟು ಹೊತ್ತು ನನಗೆ ಹೆದರಿಕೆಯಾಗುವುದಿಲ್ಲ ಎಂದು ಆಗಲೇ ಬರೆದೆನಲ್ಲ. ಬಿಡುವು ಮುಗಿಯಿತು. ಭಾವನಿಗೆ ನನ್ನ ವಿಷಯ ಬೇಡ.

ನೀನು ಜಡೆ ಹಾಕಿ ಬೆಳೆಸಿದ,
ತಂಗಿ

ತಾ.ಕ. ಸಂಜೆ ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ಬದಲಾಗಿದೆ, ಆದರೆ ನೀವು ಬನ್ನಿ, ಏನೂ ಗೊತ್ತಿಲ್ಲದವರ ಹಾಗೆ ಬನ್ನಿ. ವೇಷ ಕಳಚುವಾಗ ಗಿಣಿಯಮ್ಮ ಖುಷಿಯಿಂದ ಹೇಳಿದಳು: ‘ಮಧ್ಯಾಹ್ನ ಯಾರೋ ತಂದೆ ಫೋನ್ ಮಾಡಿದ್ರು ಕಣೇ. ಎಷ್ಟು ನಯ ಅಂತೀಯ! ಮಗಳಿಗೆ ದ್ರಾಕ್ಷಿ ಅಂದ್ರೆ ಪ್ರಾಣ ಅಂತೆ. ಎಲೆಯಲ್ಲಿ ಹುಳ ಬರೀತಾರಲ್ಲ, ಅವರೇ ಇರ್ತಾರಾ ಆ ಭಾನುವಾರ ಅಂತ ಕೇಳಿದ್ರು. ಇರ್ತಾಳೆ ಸ್ವಾಮಿ, ಅವಳು ರಜಾನೇ ಹಾಕಲ್ಲ ಅಂದೆ.’ ನಾನು ಅವಳಿಗೆ ಎಲ್ಲ ಹೇಳಿದೆ. ಗಿಣಿಯಮ್ಮ ಕೂಡಲೇ ಎದ್ದುಹೋಗಿ ಆ ಭಾನುವಾರದ ಪಾಳಿ ಬದಲಿಸಿ ಬಂದಳು. ನಾನು ನಾಳೆ ಇಲ್ಲಿಂದ ಹೊರಡುತ್ತೇನೆ, ಎಲ್ಲಿಗೆ ಎಂದು ನಿನಗೂ ಬರೆಯುವುದಿಲ್ಲ. ಆ ಭಾನುವಾರ ದ್ರಾಕ್ಷಿಯೊಳಗೆ ಇರುವವನು ಇಷ್ಟು ದಿನ ಕರಡಿಯಾಗಿದ್ದ ಆಳು, ಬಾಗಿಲಷ್ಟು ಅಗಲ, ದಪ್ಪ ಮೀಸೆ. ‘ಯಾವನಾದ್ರೂ ತಲೆ ಕಿತ್ತು ನೋಡ್ಲಿ ಬಿಡವ್ವಾ, ಅವನಿಗೇ ಜ್ವರ ಬರುತ್ತೆ’ ಎಂದು ನನ್ನನ್ನು ನಗಿಸಲು ನೋಡಿದ. ಅವನಿಗೆ ಒಂದು ಮಾತು ಹೇಳಿದ್ದೇನೆ. ಕುದುರೆಗಳ ಹತ್ತಿರ ಒಬ್ಬಳು ಹುಡುಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಅಪ್ಪಿಕೊಂಡಿರುತ್ತಾಳೆ, ಸಾಲು ಎಷ್ಟೇ ಉದ್ದವಿರಲಿ, ಅವಳು ಬಿಡುವವರೆಗೆ ನೀನು ಬಿಡಬೇಡ. ಜಾಲರಿಗೆ ಬಾಯಿ ತಂದು ಅವಳು ಏನಾದರೂ ಹೇಳಿದರೆ, ನನಗಾಗಿ ಕೇಳಿಸಿಕೊಂಡಿರು.