ಜಾಕಿ ಇಟ್ಟ ಮೇಜು

ಭಾನುವಾರ
ಊಟವಾದ ಮೇಲೆ

ಚಿನ್ನಿ,

ನೀನು, ಪಾಪು, ಅಳಿಯಂದಿರು ಎಲ್ಲರೂ ಚೆನ್ನಾಗಿದ್ದೀರೆಂದು ನಿಮ್ಮಮ್ಮನ ಫೋನಿನಿಂದ ದಿನಾ ತಿಳಿಯುತ್ತಿದೆ. ಇಲ್ಲಿ ನಾವಿಬ್ಬರೂ ಗಟ್ಟಿ. ಅವಳ ಮಂಡಿನೋವು ಅವಳಿಗಿಂತ ಗಟ್ಟಿ. ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ ಮಗಳೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನಿಮ್ಮಮ್ಮ ಮಧ್ಯೆ ಬಾಯಿ ಹಾಕಿ ಮಿಕ್ಕಿದ್ದನ್ನೆಲ್ಲ ತಾನೇ ಹೇಳಿ ಮುಗಿಸುತ್ತಾಳೆ. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ಸಮಾಧಾನವಾಗಿ ಓದು.

ಮೊದಲು ಕೆಟ್ಟ ಸುದ್ದಿ ಹೇಳಿ ಕೈತೊಳೆದುಕೊಳ್ಳುತ್ತೇನೆ. ಕೆಲವು ತಿಂಗಳಿಂದ ನನ್ನ ಬಲಗೈ ನಡುಗುತ್ತಿದೆ. ಬಸುರಿಗೂ ಬಾಣಂತಿಗೂ ಹೇಳುವ ಸುದ್ದಿಯಲ್ಲವೆಂದು ನಿಮ್ಮಮ್ಮನ ಬಾಯಿಗೂ ಬೀಗ ಹಾಕಿದ್ದೆ. ಅವಳು ಈ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ದೊಡ್ಡ ಸಾಧನೆ. ಜೀವಕ್ಕೇನೂ ಭಯವಿಲ್ಲ, ಮಾತ್ರೆಯಿಂದ ಸ್ವಲ್ಪ ಹದಕ್ಕೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೈಯನ್ನು ಎಲ್ಲಾದರೂ ಊರಿದರೆ ಸುಮ್ಮನಿರುತ್ತದೆ. ಏನನ್ನಾದರೂ ಎತ್ತಿ ಹಿಡಿದೆನೋ, ಶುರು.

ಬಡಗಿಯ ಮಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೂಟರ್ ಮೆಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಮರದ ಅಂಚಿನ ಮೇಲೆ ಓಡಿಸಬೇಕು. ಅದರ ಬ್ಲೇಡು ಅಂಚನ್ನು ದುಂಡಗೆ ಮಾಡುತ್ತಾ ಹೋಗುತ್ತದೆ. ಕೈ ಕೂದಲಷ್ಟು ಅಲುಗಿದರೂ ಅಂಚಿನಲ್ಲಿ ಅಲೆ ಏಳುತ್ತದೆ. ನಾನು ಕಳಿಸಿದ ಬೀರುವಿನ ಬಾಗಿಲುಗಳನ್ನು ಷೋರೂಮಿನ ಯಜಮಾನರು ವಾಪಸು ತಂದು ಅಂಗಡಿಯ ಗೋಡೆಗೆ ಒರಗಿಸಿದರು. ನನ್ನ ಕೆಲಸ ಹಾಗೆ ಬಾಗಿಲಿಗೆ ತಿರುಗಿ ಬಂದದ್ದು ಅದೇ ಮೊದಲು.

“ಮೇಸ್ತ್ರಿ, ಇದು ನಿಮ್ಮ ಕೈ ಕೆಲ್ಸ ಅಲ್ಲ ಬಿಡಿ. ಯಾರಿಗೋ ಒಪ್ಪಿಸಿದ್ದೀರಿ” ಎಂದರು.

ನಾನು ಯಾರಿಗೂ ಒಪ್ಪಿಸಿರಲಿಲ್ಲ ಚಿನ್ನಿ. ಅವರು ಹಾಗೆಂದುಕೊಂಡರೆ ಅಂದುಕೊಳ್ಳಲಿ ಎಂದು ಬಾಗಿಲುಗಳನ್ನು ಒಳಗೆ ಸರಿಸಿದೆ. ಹಳೆಯ ವಿಶ್ವಾಸಕ್ಕೆ ಇನ್ನೊಂದು ಜೊತೆ ಬಾಗಿಲಿನ ಕೆಲಸ ಕೊಡುತ್ತೇನೆ, ಅದೂ ಹೀಗೇ ಆದರೆ ಮುಂದಿನ ಕೆಲಸವೆಲ್ಲ ಫ್ಯಾಕ್ಟರಿಗೆ ಹೋಗುತ್ತದೆ ಎಂದು ಅವರು ಮೆತ್ತಗೆ ಹೇಳಿ ಹೋದರು. ಹೊಟ್ಟೆಗೆ ಹೇಗೋ ನಡೆಯುತ್ತದೆ, ನಿಮ್ಮಮ್ಮನ ಹೊಲಿಗೆ ಇದೆ. ಆದರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ? ಮೇಸ್ತ್ರಿ ಅನ್ನುವುದನ್ನು ಬಿಟ್ಟರೆ ನನ್ನನ್ನು ಯಾರೂ ಬೇರೆ ಏನೆಂದೂ ಕರೆದದ್ದಿಲ್ಲ. ಅಂಗಡಿ ಮುಚ್ಚಿ ಸಾಕು, ಮನೆಯಲ್ಲಿ ಕಾಜ ಗುಂಡಿ ಹಾಕಿಕೊಡಿ ಎಂದು ನಿಮ್ಮಮ್ಮ ತಮಾಷೆ ಮಾಡಿದಳು. ನಾನು ನಗಲಿಲ್ಲವೆಂದು ಆಮೇಲೆ ಅವಳೇ ಅತ್ತಳು.

ದಾರಿ ತೋರಿಸಿದವಳೂ ಅವಳೇ. ತೋರಿಸಿದ್ದು ಅವಳಿಗೆ ಗೊತ್ತಿಲ್ಲ, ನೀನೂ ಹೇಳಬೇಡ, ತಲೆ ಮೇಲೆ ಕೂರುತ್ತಾಳೆ. ಅವಳು ಹೊಲಿಯುವುದನ್ನು ಬೇರೆ ಕೆಲಸವಿಲ್ಲದೆ ನೋಡುತ್ತಾ ಕೂತಿದ್ದೆ. ಹೊಲಿಗೆ ಮೆಷಿನ್ ಕೂತಲ್ಲೇ ಕೂತಿತ್ತು, ಓಡುತ್ತಿದ್ದದ್ದು ಬಟ್ಟೆ. ಥತ್ ನನ್ನ, ಇಷ್ಟೇ ತಾನೇ ಅಂದುಕೊಂಡೆ. ರೂಟರನ್ನು ಮೇಜಿನಡಿ ತಲೆಕೆಳಗಾಗಿ ಕಟ್ಟಿ, ಬ್ಲೇಡು ಮಾತ್ರ ತೂತಿನಿಂದ ಮೇಲೆ ಇಣುಕುವಂತೆ ಮಾಡಿದರೆ, ನಾನು ಹಿಡಿಯಬೇಕಾದ್ದು ಮೆಷಿನ್ನನ್ನಲ್ಲ, ಮರವನ್ನು. ಮರವನ್ನು ಹಿಡಿಯುವುದೂ ಅಲ್ಲ, ಮೇಜಿಗೆ ಒತ್ತಿ ತಳ್ಳುವುದು. ಒತ್ತಿದ ಕೈ ನಡುಗುವುದಿಲ್ಲವಲ್ಲ! ದೊಡ್ಡ ಕಾರ್ಖಾನೆಗಳಲ್ಲಿ ಇಂಥ ಮೇಜುಗಳನ್ನು ನೋಡಿ, ಕೈ ಬಾರದವರ ಆಟಿಕೆ ಎಂದು ನಗುತ್ತಿದ್ದವನು ನಾನೇ. ಈಗ ಆ ಮಾತನ್ನು ನೀರು ಕುಡಿದ ಹಾಗೆ ನುಂಗಿದೆ.

ಯಾವುದೋ ಆಫೀಸಿನವರು ಎಸೆದಿದ್ದ ಮೇಜು ಅಂಗಡಿಯ ಮೂಲೆಯಲ್ಲಿತ್ತು. ಮೇಲೆ ಸನ್‌ಮೈಕ, ಮರ ಬೆಣ್ಣೆಯಂತೆ ಜಾರುತ್ತದೆ. ಅದರ ನಡುವೆ ಚೌಕ ಕೊರೆದೆ. ಆಮೇಲೆ ತಲೆನೋವು ಶುರುವಾಯಿತು. ಒಂದೊಂದು ಅಂಚಿಗೆ ಒಂದೊಂದು ಎತ್ತರ ಬೇಕು, ಬ್ಲೇಡನ್ನು ಏರಿಸಬೇಕು, ಇಳಿಸಬೇಕು. ಪ್ರತಿ ಸಲ ಮೇಜಿನಡಿ ಬಗ್ಗಿ, ಆ ಭಾರದ ಮೆಷಿನ್ನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಿರುಪು ಬಿಗಿಯುವುದು ನನ್ನ ಕೈಲಿ ಆಗುವ ಮಾತೇ?

ಪಕ್ಕದ ಗ್ಯಾರೇಜಿನ ಗ್ರೀಸಣ್ಣನ ಹತ್ತಿರ ಹೋಗಿ ಕಾರಿನ ಹಳೇ ಜಾಕಿ ಕೇಳಿದೆ. ಕಾರಿಲ್ಲದವನಿಗೆ ಪಂಚರ್ ಹೇಗಾಯಿತು ಎಂದು ನಕ್ಕ. ರೂಟರನ್ನು ಎತ್ತಬೇಕು ಎಂದರೆ, ಇಂಟರ್ನೆಟ್ ಡಬ್ಬಿ ಎತ್ತೋದಕ್ಕೆ ಜಾಕಿ ಯಾಕೆ ಎಂದ. ಕರೆದುಕೊಂಡು ಬಂದು ತೋರಿಸಿದ ಮೇಲೆ ನಗು ನಿಲ್ಲಿಸಿ, ತುಕ್ಕು ಉಜ್ಜಿ, ಗ್ರೀಸು ಮೆತ್ತಿ, ಒಳ್ಳೆಯ ಜಾಕಿಯನ್ನೇ ಕೊಟ್ಟ. ಅದನ್ನು ಮೆಷಿನ್ನಿನ ಬುಡಕ್ಕೆ ಇಟ್ಟೆ. ಹಿಡಿಕೆಯನ್ನು ಮೇಜಿನ ಪಕ್ಕದಿಂದ ಹೊರಗೆ ತೆಗೆದೆ. ತಿರುಗಿಸಿದರೆ ಮೆಷಿನ್ ಏರಿತು, ಆದರೆ ಕುಡುಕನ ಹಾಗೆ ತೂರಾಡಿತು. ನೀನಾಗಿದ್ದರೆ ಏನು ಮಾಡುತ್ತಿದ್ದೆ, ಹೇಳು ನೋಡೋಣ. ನಾನು ಡ್ರಾಯರು ಹಿಂದೆ ಮುಂದೆ ಜಾರುವ ಉಕ್ಕಿನ ಚಾನೆಲ್ಲುಗಳನ್ನು ಎರಡೂ ಬದಿಗೆ ನಿಲ್ಲಿಸಿ ಜಡಿದೆ. ಅಡ್ಡಡ್ಡ ಜಾರುವ ಚಾನೆಲ್ ಮೇಲೆ ಕೆಳಗೆ ಜಾರಬಾರದೆಂದು ಯಾವ ಶಾಸ್ತ್ರದಲ್ಲಿದೆ? ಈಗ ಮೆಷಿನ್ ನೆಟ್ಟಗೆ ಏರುತ್ತದೆ, ನೆಟ್ಟಗೆ ಇಳಿಯುತ್ತದೆ. ಹಿಡಿಕೆ ಒಂದಿಷ್ಟು ತಿರುಗಿಸಿದರೆ ಕೂದಲೆಳೆಯಷ್ಟು ಎತ್ತರ. ಬಗ್ಗಬೇಕಾಗಿಲ್ಲ, ಎತ್ತಬೇಕಾಗಿಲ್ಲ. ಹೊಗಳಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ. ಈ ವಯಸ್ಸಿನಲ್ಲಿ ಇದಕ್ಕಲ್ಲದೆ ಇನ್ನು ಯಾವುದಕ್ಕೆ ಹೊಗಳಿಕೊಳ್ಳಲಿ?

ಮೊದಲ ದಿನದ ಪುರಾಣವನ್ನೂ ಕೇಳು. ನಿಮ್ಮಮ್ಮ, ಗ್ರೀಸಣ್ಣ, ಎದುರಿನ ಬೇಕರಿಯವರು ಎಲ್ಲ ನೋಡಲು ನಿಂತಿದ್ದರು. ನಾನು ರಾಜನ ಠೀವಿಯಲ್ಲಿ ಹಲಗೆ ಇಟ್ಟು ತಳ್ಳಿದೆ. ಹಲಗೆ ನನ್ನ ಕೈಯಿಂದ ಕಿತ್ತುಕೊಂಡು ಹಾರಿ, ಕಿಟಕಿಯ ಗಾಜು ಒಡೆದು, ಬೀದಿಯಲ್ಲಿ ಬಿತ್ತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಏನಾಗಿತ್ತು ಗೊತ್ತೇ? ಕೈಯಲ್ಲಿ ಹಿಡಿದ ರೂಟರ್ ಎಡದಿಂದ ಬಲಕ್ಕೆ ಓಡಬೇಕು. ಅದೇ ಮೆಷಿನ್ ತಲೆಕೆಳಗಾಗಿ ಕೂತಾಗ ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಬ್ಲೇಡು ತಿರುಗುವುದಕ್ಕೆ ಎದುರಾಗಿ ಹೋದರೆ ಮಾತ್ರ ಮರ ಹಿಡಿತದಲ್ಲಿರುತ್ತದೆ. ನನಗೆ ತಲೆಯಲ್ಲಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ, ಹಳೆಯ ರೂಢಿಯಂತೆ ಎಡದಿಂದ ಬಲಕ್ಕೇ ತಳ್ಳಿತು. ಹೊಸಬನಾಗಿದ್ದರೆ ಹೇಳಿಕೊಟ್ಟ ಹಾಗೆ ಮಾಡುತ್ತಿದ್ದ. ಈ ತಪ್ಪು ಮಾಡುವುದಕ್ಕೆ ಜೀವಮಾನದ ಅನುಭವ ಬೇಕು ಮಗಳೇ.

ನಿಮ್ಮಮ್ಮ ಸರಸರನೆ ಮನೆಗೆ ಹೋದಳು. ಮುಗಿಯಿತು, ಮೇಜಿಗೆ ಬೆಂಕಿ ಇಡಲು ಕಡ್ಡಿಪೆಟ್ಟಿಗೆ ತರಹೋಗಿದ್ದಾಳೆ ಅಂದುಕೊಂಡೆ. ಉಗುರಿನ ಕೆಂಪು ಬಣ್ಣದ ಸೀಸೆ ತಂದು ಮೇಜಿನ ಮೇಲೆ ಬಲದಿಂದ ಎಡಕ್ಕೆ ಇಷ್ಟುದ್ದ ಬಾಣ ಬರೆದಳು. ಮೆಷಿನ್ನಿನ ಸ್ವಿಚ್ಚನ್ನು ಬೇರೆಯಾಗಿ ವೈರ್ ಎಳೆಸಿ ತನ್ನ ಕೈಗೆ ತೆಗೆದುಕೊಂಡಳು. “ನೀವು ತಳ್ಳಿ. ಆನ್ ಮಾಡೋದು, ಆಫ್ ಮಾಡೋದು ನಾನು” ಎಂದಳು. ಈಗ ಅವಳಿಲ್ಲದೆ ನನ್ನ ಮೆಷಿನ್ ತಿರುಗುವುದಿಲ್ಲ. ಮದುವೆಯಾದಾಗಿನಿಂದ ಹೀಗೇ ಅಲ್ಲವೇ ಎಂದು ಗ್ರೀಸಣ್ಣ ಹೇಳುತ್ತಾನೆ. ಬೆರಳು ಬ್ಲೇಡಿನ ಹತ್ತಿರ ಹೋಗಬಾರದೆಂದು ಎರಡೂ ಅಂಗೈಯನ್ನು ಊರಿ ಮರ ತಳ್ಳುವ ಹಿಡಿ ಮಾಡಿಕೊಂಡಿದ್ದೇನೆ, ಗಾಬರಿಯಾಗಬೇಡ.

ಬಾಗಿಲುಗಳನ್ನು ಮೊನ್ನೆ ಕಳಿಸಿದೆ. ಯಜಮಾನರು ಅಂಚಿನ ಮೇಲೆ ಉಗುರು ಇಟ್ಟು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದರಂತೆ. ಎಲ್ಲೂ ತಡೆಯಲಿಲ್ಲ. ಇಲ್ಲಿಗೇ ಬಂದು, ಮೇಸ್ತ್ರಿ ಮತ್ತೆ ತಾವೇ ಕೈ ಹಾಕಿದ್ದೀರಿ, ಗೊತ್ತಾಗುತ್ತದೆ ಎಂದರು. ಅವರಿಗೆ ಮೇಜು ತೋರಿಸಿ, ಕೈಯನ್ನೂ ತೋರಿಸಿದೆ. ಜಾಕಿಯ ಹಿಡಿಕೆಯನ್ನು ಒಮ್ಮೆ ತಾವೇ ತಿರುಗಿಸಿ ನೋಡಿ, “ಹೊಸ ಅಡುಗೆಮನೆ ಕೆಲ್ಸ ಇದೆ. ನೀವೇ ಮಾಡ್ಬೇಕು” ಎಂದರು. ನಿಮ್ಮಮ್ಮ ಅವರಿಗೆ ಕೊಡುತ್ತಿದ್ದ ಚಹಾಕ್ಕೆ ಅವತ್ತು ಎರಡು ಚಮಚ ಸಕ್ಕರೆ ಹೆಚ್ಚು ಬಿತ್ತು. ನಾನು ಮೇಸ್ತ್ರಿಯಾಗಿಯೇ ಇದ್ದೇನೆ ಚಿನ್ನಿ. ಬೀದಿಯವರೆಲ್ಲ ಜಾಕಿ ಮೇಸ್ತ್ರಿ ಅನ್ನುತ್ತಿದ್ದಾರೆ, ಅನ್ನಲಿ.

ನೀನು ಹೊತ್ತು ಹೊತ್ತಿಗೆ ಊಟ ಮಾಡು, ಪಾಪು ಮಲಗಿದಾಗ ನೀನೂ ಮಲಗು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಪಾಪು ನೂರು ಕಾಲ ನಗುನಗುತ್ತಾ ಬಾಳಲಿ, ಅದರ ಜೊತೆಗೆ ನೀವಿಬ್ಬರೂ.

ಇಂತಿ,
ನಿನ್ನ ಅಪ್ಪ

ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಇದನ್ನು ಹೇಳಲೆಂದೇ ಕಾಗದ ಶುರು ಮಾಡಿದ್ದು, ಮೇಜಿನ ಸುತ್ತ ಸುತ್ತುತ್ತಾ ಇಲ್ಲಿಗೆ ಬಂದೆ. ಹೆಣ್ಣು ಹುಟ್ಟಿತೆಂದು ಅಪ್ಪ ಎತ್ತಿಕೊಳ್ಳಲಿಲ್ಲವಾ ಎಂದು ನೀನು ಅಮ್ಮನನ್ನು ಕೇಳಿದೆಯಂತೆ. ಆಸ್ಪತ್ರೆಯಲ್ಲಿ ನರ್ಸು ಪಾಪುವನ್ನು ನನ್ನ ಕಡೆ ಚಾಚಿದಾಗ, ಕೈಯೆಲ್ಲ ಮರದ ಹೊಟ್ಟು ಎಂದು ಹೇಳಿ ಹಿಂದೆ ಸರಿದೆನಲ್ಲ, ಕೈಯಲ್ಲಿ ಹೊಟ್ಟು ಇರಲಿಲ್ಲ. ಸೋಪು ಹಾಕಿ ಎರಡು ಸಲ ತೊಳೆದುಕೊಂಡು ಬಂದಿದ್ದೆ. ಎತ್ತಿಕೊಂಡು ಬೀಳಿಸಿಬಿಟ್ಟರೆ ಎಂಬ ಹೆದರಿಕೆ, ಅಷ್ಟೇ. ನಿನ್ನನ್ನು ಪಡೆದವನು ಹೆಣ್ಣು ಬೇಡವೆನ್ನುತ್ತಾನೆಯೇ ಚಿನ್ನಿ? ಬರುವ ವಾರ ಬರುತ್ತೇನೆ. ಗೋಡೆ ಪಕ್ಕದ ಕುರ್ಚಿಯಲ್ಲಿ ಒರಗಿ, ಎರಡೂ ಕೈಯನ್ನು ತೊಡೆಗೆ ಊರಿ ಕೂತಿರುತ್ತೇನೆ. ನಾನು ಅಲುಗುವುದಿಲ್ಲ. ನೀನು ಪಾಪುವನ್ನು ತಂದು ನನ್ನ ಮಡಿಲಲ್ಲಿ ಇಡು.