ಕಿಟಕಿಯ ತಕರಾರು ವಾಪಸ್

ನಗರಸಭೆಯ ಕಟ್ಟಡ ವಿಭಾಗದ ಸಾಹೇಬರಿಗೆ,

ತಕರಾರು ಮಾಡುವಾಗ ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಸಾಕಿತ್ತು. ವಾಪಸ್ ತೆಗೆದುಕೊಳ್ಳಲು ಮಾತ್ರ ಬರೆದೇ ಕೊಡಬೇಕಂತೆ. ಅರ್ಧಕ್ಕೆ ಶಾಲೆ ಬಿಟ್ಟವನಿಗೆ ಇದೊಂದು ಶಿಕ್ಷೆ.

ಪಕ್ಕದ ಮನೆಯ ಬಡಗಿ ಮಹಡಿ ಕಟ್ಟಿದರೆ ನಮ್ಮ ಕಿಟಕಿಗೆ ಬೆಳಕು ಬರುವುದಿಲ್ಲ ಎಂದು ನಾನು ಕೂಗಾಡಿದ್ದು ನಿಜ. ಹಾಸಿಗೆ ಹಿಡಿದ ನನ್ನ ಹೆಂಡತಿ ಹಗಲೆಲ್ಲ ಆ ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಳತೆಗೆ ಬಂದ ನಿಮ್ಮವರಿಗೂ ಅಲ್ಲಿಂದಲೇ, "ಟೇಪು ನೆಟ್ಟಗೆ ಹಿಡಿಯೋ ತಮ್ಮಾ, ಗೋಡೆ ಸೊಟ್ಟ ಆದೀತು" ಎಂದಿದ್ದಳು.

ಹೋದ ತಿಂಗಳು ತೀರಿಕೊಂಡಳು. ಮಂಚ ಕಳಚಿಟ್ಟಿದ್ದೇನೆ. ಆ ಕೋಣೆಗೆ ಬೆಳಕು ಬಂದರೂ ಒಂದೇ, ಬಾರದಿದ್ದರೂ ಒಂದೇ.

"ಯಾಕಜ್ಜ ಮನಸ್ಸು ಬದಲಾಯ್ತು? ಪಕ್ಕದವರು ಏನಾದ್ರೂ ಕೊಟ್ರಾ?" ಎಂದು ನಿಮ್ಮ ಗುಮಾಸ್ತ ಹಲ್ಲು ಕಿರಿದ. ಹೌದು, ಹೆಗಲು ಕೊಟ್ಟ. ನಾನು ಮಾತು ಬಿಟ್ಟು ವರ್ಷವಾಗಿದ್ದರೂ ಅವಳನ್ನು ಹೊರಲು ಮೊದಲು ಬಂದವನು ಆ ಬಡಗಿಯೇ.

ಅವನ ಸೊಸೆ ಈಗ ಬಸುರಿ. ಅವರ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಮಗು ಬರುವಷ್ಟರಲ್ಲಿ ಮೇಲೊಂದು ಕೋಣೆ ಏಳಬೇಕು.

ಅವನಿಗೆ ಪರವಾನಗಿ ಕೊಡಿ. ಕೊಟ್ಟಿದ್ದೇವೆ ಎಂಬ ಉತ್ತರ ಹದಿನೈದನೇ ತಾರೀಖಿನೊಳಗೆ ನನ್ನ ಕೈಗೆ ಬರಬೇಕು.

ಇತಿ,
ಸಭೆಯಲ್ಲಿ ಕೂಗಾಡಿದ ಮುದುಕ